ಮುಖ ತೋರದ ಚೌಡಮ್ಮ

ನನ್ನ ಮೊಮ್ಮಗಳು ಸಿನೆಮಾ ಮಾಡಿದಳು. ಇದನ್ನು ನಾನು ಹಾಲಿನ ಡೇರಿಯಲ್ಲಿ ಹೇಳಿದ್ದೇನೆ, ಸಿದ್ದಾಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ಹೇಳಿದ್ದೇನೆ, ಬಿ.ಪಿ. ನೋಡುವ ನರ್ಸಮ್ಮನಿಗೂ ಹೇಳಿದ್ದೇನೆ. ಆಕೆ ‘ಮಾತಾಡಬ್ಯಾಡಿ, ಬಿ.ಪಿ. ಜಾಸ್ತಿ ತೋರಿಸ್ತದೆ’ ಎಂದರು. ತೋರಿಸಿದರೆ ತೋರಿಸಲಿ ಎಂದು ಪೂರ್ತಿ ಹೇಳಿಯೇ ಎದ್ದೆ. ಹೇಳಲು ಜನ ಮುಗಿದದ್ದರಿಂದ ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಒತ್ತು, ದೀರ್ಘ ತಪ್ಪಿದ್ದನ್ನು ಅವಳೇ ತಿದ್ದಿಕೊಡುತ್ತಾಳೆ.

ಸಿನೆಮಾ ಎಂದರೆ ದೊಡ್ಡದಲ್ಲ, ಒಂದು ಲೋಟ ಚಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಅದಕ್ಕೆ ವೇಷ ಹಾಕಿದವರಿಲ್ಲ, ಬಣ್ಣ ಹಚ್ಚಿದವರಿಲ್ಲ. ಏಐ ಅಂತ ಒಂದು ಬಂದಿದೆಯಲ್ಲ, ಅದಕ್ಕೆ ಹೀಗೆ ಹೀಗೆ ಬೇಕು ಎಂದು ಬರೆದರೆ ಅದೇ ಚಿತ್ರ ಮಾಡಿ, ಆ ಚಿತ್ರವನ್ನು ನಡೆಸಿ ಕೊಡುತ್ತದೆ. ಕೇಳಿದ್ದನ್ನೇ ಕೊಡುತ್ತದೆ ಎಂದು ಮಾತ್ರ ತಿಳಿಯಬಾರದು.

ಕಥೆ ನನ್ನದು. ಅವಳು ಸಣ್ಣವಳಿದ್ದಾಗ ಅನ್ನ ತಿನ್ನಿಸಲು ಕಟ್ಟಿದ್ದು. ಒಂದು ಹುಡುಗಿ ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾಳೆ, ಕತ್ತಲಾಗುತ್ತದೆ. ಆಗ ಊರು ಕಾಯುವ ಚೌಡಮ್ಮ ಒಣ ಗರಿ ಕಟ್ಟಿದ ಉರಿಯುವ ಸೂಡಿ ಹಿಡಿದು ಮುಂದೆ ಮುಂದೆ ನಡೆದು ದಾರಿ ತೋರಿಸುತ್ತಾಳೆ. ಹುಡುಗಿ ಎಷ್ಟು ಕರೆದರೂ ಹಿಂದೆ ತಿರುಗುವುದಿಲ್ಲ. ನನ್ನ ಕಥೆಯಲ್ಲಿ ಎಮ್ಮೆ ನಡೆದುಕೊಂಡೇ ಮನೆಗೆ ಬರುತ್ತಿತ್ತು. ಮೊಮ್ಮಗಳು ಅದಕ್ಕೆ ರೆಕ್ಕೆ ಕೊಟ್ಟು ಜಲಪಾತದ ಮೇಲೆ ಹಾರಿಸುತ್ತೇನೆ ಎಂದಳು. ಹಾರಲಿ ಎಂದೆ. ಎಮ್ಮೆಗೇನು, ಬೇಡ ಅನ್ನುತ್ತದೆಯೆ?

ಅವಳು ಓದುವುದು ಶಿರಸಿಯಲ್ಲಿ. ಅಲ್ಲಿ ಕಾಲೇಜಿನವರು ಮಕ್ಕಳು ಮಾಡಿದ ಸಣ್ಣ ಸಿನೆಮಾಗಳನ್ನು ಎಲ್ಲರೆದುರು ತೋರಿಸುವವರಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ ತಾನಾಗಿಯೇ ಹೆಸರು ಕೊಟ್ಟು ಬಂದಿದ್ದಳು. ಆ ದಿನದಿಂದ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ನಮ್ಮಲ್ಲಿ ನೆಟ್ ಸರಿಯಾಗಿ ಸಿಗುವುದು ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ. ಅಲ್ಲೇ ಕೂತು ಅವಳು ಏಐಗೆ ಎಮ್ಮೆ ಬೇಕು ಎಂದು ಬರೆದಳು. ಬಂದದ್ದು ಬೇರೆ ಏನೋ. ಹೆಗಲ ತುಂಬ ಜಡೆಗಟ್ಟಿದ ಕೂದಲು, ಗಡ್ಡ ಬೇರೆ.

“ಇದು ಯಾವೂರ ಎಮ್ಮೆಯೆ?” ಎಂದೆ.

“ಅಮೆರಿಕದ್ದಂತೆ ಅಜ್ಜಿ. ಅಲ್ಲಿಯ ಕಾಡೆಮ್ಮೆ.”

“ಇದಕ್ಕೆ ಕಂಬಳಿ ಹೊದೆಸಿದ್ದು ಯಾರು? ಹಾಲು ಕರಿಯೋಕೆ ಕೂತ್ರೆ ಮೊಲೆ ಎಲ್ಲಿ ಅಂತ ಹುಡುಕೋದು?”

“ಸುಮ್ನಿರು ಮಾರಾಯ್ತಿ, ನಗಿಸ್ಬ್ಯಾಡ. ಇನ್ನೊಂದ್ಸಲ ಕೇಳ್ತೀನಿ.”

ನಮ್ಮ ಎಮ್ಮೆ ಆಚೆ ನಿಂತು ಮೆಲುಕು ಹಾಕುತ್ತ ಇದನ್ನೆಲ್ಲ ನೋಡುತ್ತಿತ್ತು. ಕೊನೆಗೆ ಅದರದೇ ಫೋಟೋ ತೆಗೆದು ತೋರಿಸಿದ ಮೇಲೆ ಆ ಏಐಗೆ ಬುದ್ಧಿ ಬಂತು. ನಮ್ಮದೇ ಎಮ್ಮೆ, ತುದಿ ಮುರಿದ ಕೋಡಿನ ಸಮೇತ, ರೆಕ್ಕೆ ಬಡಿದು ಮೇಲೆದ್ದಿತು. ನಾನು ಮೊಬೈಲಿಗೂ ಕೊಟ್ಟಿಗೆಗೂ ತಿರುಗಿ ತಿರುಗಿ ನೋಡಿದೆ. ನಕ್ಕು ನಕ್ಕು ನನಗೆ ಎದ್ದು ನಿಲ್ಲಲಾಗಲಿಲ್ಲ, ಅವಳ ಅಮ್ಮ, ನನ್ನ ಸೊಸೆ, ಬಂದು ಕೈ ಹಿಡಿದು ಎಬ್ಬಿಸಬೇಕಾಯಿತು.

ಆದರೆ ಪ್ರತಿ ಸಲವೂ ಕಾಯಬೇಕು. ಮೊಬೈಲಿನ ಮೇಲೆ ಒಂದು ಚಕ್ರ ತಿರುಗುತ್ತಲೇ ಇರುತ್ತದೆ. ದೋಸೆಯಾದರೆ ಮಗುಚಿ ಹಾಕಬಹುದು, ಹಾಲಾದರೆ ಉರಿ ಸಣ್ಣ ಮಾಡಬಹುದು. ಇದಕ್ಕೆ ಏನೂ ಮಾಡುವ ಹಾಗಿಲ್ಲ. ಬಾಯಿ ಬಿಟ್ಟುಕೊಂಡು ಕೂರಬೇಕು. ಅಷ್ಟು ಕಾದ ಮೇಲೆ ಕಥೆಯ ಹುಡುಗಿಗೆ ಮೂರು ಕೈ ಬಂದಿರುತ್ತದೆ. ಇನ್ನೊಮ್ಮೆ ಕೇಳಿದರೆ ಇವತ್ತಿಗೆ ಇಷ್ಟೇ, ನಾಳೆ ಬಾ ಎನ್ನುತ್ತದೆ, ರೇಷನ್ ಅಂಗಡಿಯವರ ಹಾಗೆ.

ಇಷ್ಟೆಲ್ಲ ಆದರೂ ಖುಷಿಯೇ ಇತ್ತು. ಕಷ್ಟ ಶುರುವಾದದ್ದು ಚೌಡಮ್ಮನಿಂದ.

ನಮ್ಮ ಚೌಡಮ್ಮ ಎಂದರೆ ಬನದೊಳಗೆ ಮರದ ಬುಡದಲ್ಲಿರುವ ಒಂದು ಕಲ್ಲು. ಕಣ್ಣಿಲ್ಲ, ಮೂಗಿಲ್ಲ. ಹಿಂದೆ ಯಾರೋ ಬೆಳ್ಳಿಯ ಮುಖ ಮಾಡಿಸಲು ಹೊರಟಾಗ ಹಿರಿಯರು, ಮುಖ ಬೇಕಾಗಿದ್ದರೆ ಅವಳೇ ಮಾಡಿಕೊಳ್ಳುತ್ತಿದ್ದಳು, ನೀವು ಸುಮ್ಮನಿರಿ ಎಂದು ನಿಲ್ಲಿಸಿದರಂತೆ. ಅವಳಿಗೆ ಏಐ ಮುಖ ಕೊಟ್ಟಿತು. ಬೆಳ್ಳನೆ ಕೆನ್ನೆ, ಕೆಂಪು ತುಟಿ, ಸೋಪಿನ ಜಾಹೀರಾತಿನವಳ ಹಾಗೆ. ಬೆನ್ನು ಮಾತ್ರ ಸಾಕು ಎಂದು ಮೊಮ್ಮಗಳು ಬಗೆಬಗೆಯಾಗಿ ಬರೆದಳು. ಆಗ ಬೆನ್ನು ಬಂತು. ಸೂಡಿ ಹಿಡಿದು ಕಾಡಿನೊಳಗೆ ನಡೆಯುತ್ತಿದ್ದಳು, ನನ್ನ ಮೈ ಜುಮ್ಮೆಂದಿತು. ಅಷ್ಟರಲ್ಲಿ ಅವಳು ನಿಂತಳು, ತಿರುಗಿದಳು, ನಮ್ಮನ್ನು ನೋಡಿ ಹಲ್ಲು ಬಿಟ್ಟು ನಕ್ಕಳು.

“ಅಯ್ಯಯ್ಯ, ನೋಡ್ಬ್ಯಾಡಿ ಅತ್ತೆ” ಎಂದು ಸೊಸೆ ಮುಖ ಮುಚ್ಚಿಕೊಂಡಳು. ಬೆರಳಿನ ಸಂದಿಯಿಂದ ತಾನು ನೋಡುತ್ತಲೇ ಇದ್ದಳು.

ಆ ಮೇಲೆ ಎಷ್ಟು ಸಲ ಮಾಡಿಸಿದರೂ ಅಷ್ಟೇ. ನಡೆಯುತ್ತಾಳೆ, ತಿರುಗುತ್ತಾಳೆ, ನಗುತ್ತಾಳೆ. ನನಗೆ ಅನ್ನ ಸೇರಲಿಲ್ಲ. ಅದು ಮೊಮ್ಮಗಳಿಗೆ ತಿಳಿಯಿತು.

“ಬಿಡು ಅಜ್ಜಿ. ನೀನು ಹಿಂಗೆ ಊಟ ಬಿಡೋದಾದ್ರೆ ನಂಗೆ ಸಿನೆಮಾನೇ ಬ್ಯಾಡ. ಹೆಸರು ವಾಪಸ್ ತಗೊಂಡು ಬತ್ತೀನಿ.”

“ಅದೆಂತಕ್ಕೆ? ಮಾಡು, ಮಾಡು.”

“ಮಾಡು ಅಂತೀಯ, ಕಣ್ಣಲ್ಲಿ ನೀರು ಬೇರೆ.”

ಚೌಡಮ್ಮನ ಪರವಾಗಿ ಮಾತಾಡಿದರೆ ಮಗು ಹಿಂದೆ ಸರಿಯುತ್ತದೆ. ಮಗುವಿನ ಪರವಾಗಿ ಮಾತಾಡಿದರೆ ಚೌಡಮ್ಮನಿಗೆ ಏನೆಂದು ಹೇಳಲಿ? ಇಷ್ಟು ವರ್ಷ ಮನೆ ನಡೆಸಿದವಳಿಗೆ ಒಂದು ಉಪಾಯ ಹೊಳೆಯಲಿಲ್ಲ. ಚೌಡಮ್ಮನನ್ನೇ ಕೇಳುವುದು ಎಂದು ಬನಕ್ಕೆ ಹೊರಟೆ. ಮೊಮ್ಮಗಳೂ ಬೆನ್ನು ಹತ್ತಿದಳು.

ಅಲ್ಲಿ ಪೂಜೆ ಮಾಡುವವನು ನನ್ನ ಮೈದುನ. ಒದ್ದೆ ಕಲ್ಲಿಗೆ ಹೂವಿನ ಎಸಳು ಅಂಟಿಸಿ ಕೇಳುವುದು ನಮ್ಮ ಕ್ರಮ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ ಎಂದು ಅರ್ಥ.

“ಎಂತ ಅಂತ ಕೇಳ್ಳಿ ಅತ್ತಿಗೆ?”

“ಮೊಮ್ಮಗಳು ನಿನ್ನನ್ನ ಮೊಬೈಲಲ್ಲಿ ನಡೆಸ್ತಾಳೆ, ಆಗಬೋದಾ ಅಂತ ಕೇಳು.”

“ಮೊಬೈಲು ಅಂದ್ರೆ ಇವಳಿಗೆ ಗೊತ್ತಾಗ್ತದಾ?”

“ಇಡೀ ಊರು ಕಾಯೋಳಿಗೆ ಅಷ್ಟು ಗೊತ್ತಿರಲ್ವ? ನೀ ಕೇಳು.”

ಅವನು ಕೇಳಿದ. ಕೈಮುಗಿದು ನಿಂತೆವು. ಎಸಳು ಅಲುಗಲಿಲ್ಲ. ನಿಂತು ನಿಂತು ನನ್ನ ಮಂಡಿ ನೋಯತೊಡಗಿತು. ಎಸಳು ಅಲ್ಲೇ.

“ಎಂತ ಇದು?” ಎಂದೆ.

“ಯೋಚನೆ ಮಾಡ್ತಿದ್ದಾಳೆ. ಅವಳಿಗೂ ಹೊಸದಲ್ದ?”

ದೇವರೂ ಚಕ್ರ ತಿರುಗಿಸುತ್ತ ಕೂತರೆ ಮನುಷ್ಯರು ಮಾಡುವುದೇನು? ಕೊನೆಗೆ ನಾನೇ ಹೇಳಿದೆ: ತಾಯಿ, ನಿನಗೆ ಒಪ್ಪಿಗೆ ಇಲ್ಲದಿದ್ದರೆ ತೋರಿಸುವ ದಿನ ಕರೆಂಟು ತೆಗೆದುಬಿಡು. ಕರೆಂಟು ಇದ್ದರೆ ನೀನು ಒಪ್ಪಿದೆ ಎಂದು ತಿಳಿಯುತ್ತೇನೆ. ಹೇಳಿ ಹೊರಟುಬಿಟ್ಟೆ. ಮರುದಿನ ಕಲ್ಲು ತೊಳೆಯುವಾಗ ಎಸಳು ನೀರಿನ ಜೊತೆ ಹೋಯಿತಂತೆ. ಬಲವೋ ಎಡವೋ ನೋಡಲಿಲ್ಲ ಎಂದ ಮೈದುನ.

ಕೇಳಿ ಹೊರಟ ಮೇಲೆ ಬನದ ದಣಪೆ ದಾಟುವವರೆಗೆ ಹಿಂದೆ ನೋಡಬಾರದು. ಬಿದಿರು ಗಳ ಸರಿಸಿ ದಾಟುವ ಆ ದಣಪೆ ಸ್ವಲ್ಪ ದೂರವೇ ಇದೆ. ಆ ದಿನ ನಾನು ಹಾಗೇ ನಡೆಯುತ್ತಿದ್ದೆ. ಹಿಂದಿನಿಂದ ಮೊಮ್ಮಗಳು ಕರೆದಳು.

“ಅಜ್ಜಿ, ಚಪ್ಪಲಿ ಬಿಟ್ಟು ಹೋಗ್ತಿದ್ದೀಯ.”

ಹೌದಲ್ಲ ಎನಿಸಿತು, ಕಾಲಿಗೆ ಮುಳ್ಳು ಒತ್ತುತ್ತಿತ್ತು. ತಿರುಗಲಿಲ್ಲ.

“ಅಜ್ಜೀ, ಹಾವು ನೋಡು.”

ಸುಳ್ಳು ಎಂದು ದನಿಯಲ್ಲೇ ತಿಳಿಯಿತು. ಆದರೂ ಹೆಜ್ಜೆ ಬಿರುಸು ಮಾಡಿದೆ. ತಿರುಗಲಿಲ್ಲ. ದಣಪೆ ದಾಟಿ ನೋಡಿದರೆ ಒಂದು ಕೈಯಲ್ಲಿ ನನ್ನ ಚಪ್ಪಲಿ, ಇನ್ನೊಂದು ಕೈಯಲ್ಲಿ ಮೊಬೈಲು. ನಾನು ಬರಿಗಾಲಲ್ಲಿ ಕುಂಟಿದ್ದನ್ನು ತನ್ನ ಅಮ್ಮನಿಗೆ ತೋರಿಸಿ ನಗಲು ಉದ್ದಕ್ಕೂ ವಿಡಿಯೋ ತೆಗೆದಿದ್ದಳು.

ಮನೆಗೆ ಬಂದು ಅದನ್ನು ನೋಡಿ ತಾಯಿ ಮಗಳು ನಕ್ಕರು. ನಗುತ್ತಿದ್ದ ಮೊಮ್ಮಗಳು ಇದ್ದಕ್ಕಿದ್ದಂತೆ ಎದ್ದಳು. ಮೊಬೈಲು ಹಿಡಿದು ಕಟ್ಟೆಗೆ ಓಡಿದಳು. ಎಮ್ಮೆಯ ಫೋಟೋ ಕೊಟ್ಟ ಹಾಗೆ ನನ್ನ ವಿಡಿಯೋವನ್ನು ಏಐಗೆ ಕೊಟ್ಟಳಂತೆ. ಮತ್ತೆ ಚಕ್ರ. ಕತ್ತಲಾಗುವ ಹೊತ್ತಿಗೆ ನನ್ನನ್ನು ಕರೆದಳು.

ಕಾಡು. ಬಿಚ್ಚಿದ ಕೂದಲು ಸೊಂಟದವರೆಗೆ. ಕೆಂಪು ಸೀರೆ. ಕೈಯಲ್ಲಿ ಸೂಡಿ, ಕಿಡಿ ಉದುರುತ್ತಿದೆ. ಆದರೆ ಆ ನಡಿಗೆ, ಮಂಡಿ ನೋವಿನಿಂದ ಎಡಕ್ಕೆ ವಾಲಿ ಮತ್ತೆ ನೆಟ್ಟಗಾಗುವುದು, ಮುಳ್ಳು ತಾಗಿದಲ್ಲಿ ಹೆಜ್ಜೆ ಸ್ವಲ್ಪ ಎತ್ತಿಡುವುದು, ಅದೆಲ್ಲ ನನ್ನದು.

“ತಿರುಗ್ತಾಳೇನೆ?” ಎಂದೆ.

“ನೋಡು.”

ಅವಳು ನಡೆದಳು, ನಡೆದಳು, ಮರಗಳ ನಡುವೆ ಬೆಳಕು ಸಣ್ಣದಾಯಿತು. ತಿರುಗಲಿಲ್ಲ.

“ನೀನು ತಿರುಗ್ಲಿಲ್ವಲ್ಲ ಅಜ್ಜಿ. ಅದಕ್ಕೇ ಅವಳೂ ತಿರುಗ್ಲಿಲ್ಲ.”

ನನ್ನ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ಅಗಲವಿದೆಯೆಂದು ಗೊತ್ತಿರಲಿಲ್ಲ. ಇದಕ್ಕೆ ಹೆಮ್ಮೆಪಡುವುದೋ ಹೆದರುವುದೋ ತಿಳಿಯದೆ ಕೊಟ್ಟಿಗೆಯ ಕಂಬ ಹಿಡಿದು ನಿಂತೆ. ಚೌಡಮ್ಮ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲವಲ್ಲ.

ತೋರಿಸುವ ದಿನ ನಾನು, ಸೊಸೆ ಶಿರಸಿಗೆ ಹೋದೆವು. ಬಸ್ಸಿನ ಕಿಟಕಿಯಿಂದ ದಾರಿಯುದ್ದಕ್ಕೂ ಅಂಗಡಿಗಳಲ್ಲಿ ದೀಪ ಇದೆಯೇ, ಫ್ಯಾನು ತಿರುಗುತ್ತಿದೆಯೇ ಎಂದು ನೋಡುತ್ತ ಹೋದೆ. ಕಾಲೇಜಿನ ಹಾಲ್‌ನಲ್ಲಿ ಮುಂದಿನ ಸಾಲಿನಲ್ಲಿ ನಮ್ಮನ್ನು ಕೂರಿಸಿದರು. ಮೊಮ್ಮಗಳು ನಮ್ಮ ಹಿಂದೆ ಕೂತಳು. ಮೊದಲು ಅವಳದೇ ಸಿನೆಮಾ. ಅವಳ ಹೆಸರು ಕರೆದದ್ದೇ ತಡ, ಅಲ್ಲಿಯ ದೀಪವೆಲ್ಲ ಒಟ್ಟಿಗೆ ಆರಿತು.

ಮುಗಿಯಿತು. ಚೌಡಮ್ಮ ಬೇಡ ಎಂದುಬಿಟ್ಟಳು. ಸೊಸೆಯ ಕೈ ಹಿಡಿದುಕೊಂಡು, “ನಡಿ, ಎದ್ದು ಹೋಗುವ” ಎಂದೆ.

“ಕೂತ್ಕಳಿ ಅತ್ತೆ. ಸಿನೆಮಾ ಕಾಣ್ಲಿ ಅಂತ ಅವರೇ ದೀಪ ತೆಗ್ದಿದ್ದು.”

ಅಷ್ಟರಲ್ಲಿ ಪರದೆ ಬೆಳಗಿತು. ಅಷ್ಟು ದೊಡ್ಡ ಪರದೆಯ ಮೇಲೆ ಕಾಡು, ಸೂಡಿಯ ಬೆಂಕಿ, ನನ್ನ ಬೆನ್ನು. ಅವಳು ಎಡಕ್ಕೆ ವಾಲಿ ವಾಲಿ ನಡೆದಳು. ಕೊನೆಗೆ ಎಮ್ಮೆ ಹಾರಿತು. ಚಪ್ಪಾಳೆ ಬಿದ್ದರೂ ನಾನು ಮೇಲಿನ ಫ್ಯಾನನ್ನೇ ನೋಡುತ್ತಿದ್ದೆ. ಅದು ತಿರುಗುತ್ತಲೇ ಇತ್ತು. ಕರೆಂಟು ಹೋಗಲಿಲ್ಲ.

ಹಿಂದಿನಿಂದ ಮೊಮ್ಮಗಳು ಮೆಲ್ಲಗೆ ನನ್ನ ಭುಜ ಮುಟ್ಟಿದಳು.

“ಅಜ್ಜಿ. ಅಜ್ಜಿ, ಹೆಂಗಿತ್ತು?”

ನಾನು ತಿರುಗಲಿಲ್ಲ. ಮೂಗು, ಕಣ್ಣು, ಬಾಯಿ ಎಲ್ಲ ಒಂದೇ ಸಮ ಸುರಿಯುತ್ತಿದ್ದವು, ಸೆರಗು ಸಾಲದಾಗಿತ್ತು. ಆ ಮುಖವನ್ನು ಅಷ್ಟು ಜನರೆದುರು ತೋರಿಸುವುದು ಹೇಗೆ?