ಹಾರ್ನ್ ಹೊಡೆದರೆ ಕಾಫಿ

ಕುವೈತಿನಲ್ಲಿ ಅಂಗಡಿ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಸಾಕು, ಚಹಾ ಕಿಟಕಿಗೇ ಬರುತ್ತದೆ. ಈ ಚಟ ರಜೆ ಹಾಕಿ ಹೋದರೂ ಬೆನ್ನು ಬಿಡುವುದಿಲ್ಲ. ಗ್ರೀಸಿನ ಆಂಡ್ರೋಸ್ ದ್ವೀಪದಲ್ಲಿ, ನಾವಿಕರಿಗೇ ಹೆಸರಾದ ಹಳೇ ಊರಿನ ಕಾಫಿ ಅಂಗಡಿ ಎದುರು ನನ್ನ ಕೈ ತಾನಾಗಿಯೇ ಹಾರ್ನ್ ಒತ್ತಿತು.

"ಅಪ್ಪಾ, ದಿಸ್ ಈಸ್ ನಾಟ್ ಮೈದಾನ್ ಹವಲ್ಲಿ!" ಕುವೈತಿನ ನಮ್ಮ ಬಡಾವಣೆಯ ಹೆಸರೆತ್ತಿ ಮಗಳು ಸೀಟಿನಲ್ಲಿ ಕುಗ್ಗಿ ಕೂತಳು.

ಆದರೆ ಬಾಗಿಲ ಬಳಿ ಕೂತಿದ್ದ ಬಿಳಿಮೀಸೆಯ ಮುದುಕ ಎದ್ದು ಬಂದ. ಎರಡು ಕಾಫಿ ಅಂದೆ. ತಂದುಕೊಟ್ಟ. ನೋಡಿದೆಯಾ ಅನ್ನುವಂತೆ ಮಗಳತ್ತ ಹುಬ್ಬೇರಿಸಿ, ಅವನಿಗೆ ಟಿಪ್ಸ್ ಚಾಚಿದೆ.

ಒಳಗಿಂದ ಅಂಗಡಿಯವಳು ನಗುತ್ತಾ ಕೂಗಿದಳು: "ಅವರು ನನ್ನ ಗಿರಾಕಿ! ಎಣ್ಣೆ ಹಡಗಿನ ಕ್ಯಾಪ್ಟನ್ ಆಗಿದ್ದವರು!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾವ ಊರು ಎಂದು ಕ್ಯಾಪ್ಟನ್ ಕೇಳಿದರು. ಕುವೈತ್ ಅಂದೆ.

"ಓಹ್, ಮೀನಾ ಅಲ್ ಅಹ್ಮದಿ! ಎಣ್ಣೆ ತುಂಬಿಸಲು ಹೋದಾಗಲೆಲ್ಲ ಅಲ್ಲಿ ನಾನೂ ಹಾರ್ನ್ ಹೊಡೆದಿದ್ದೇನೆ. ಒಬ್ಬರೂ ಕಾಫಿ ತರಲಿಲ್ಲ."

ನನ್ನ ಕೆಲಸ ಅದೇ ಬಂದರಿನಲ್ಲಿ ಎಂದು ನಾನು ಬಾಯಿ ಬಿಡಲಿಲ್ಲ. ಹಡಗು ಕೂಗಿದಾಗಲೆಲ್ಲ ಎದ್ದು ಹೋಗಿ ಆಫೀಸಿನ ಕಿಟಕಿ ಮುಚ್ಚುವವನು ನಾನೇ.