ಐಸ್ ಫ್ಯಾಕ್ಟರಿಯ ಇಂಜಿನ್ ಬೆಟ್ಟ ಹತ್ತಿದ್ದು

ಊರಿನವರೆಲ್ಲ ಅವನನ್ನು ಐಸ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ತಣ್ಣನೆಯ ಮನುಷ್ಯ ಇರಬೇಕು ಅಂದುಕೊಂಡು ಹೋದವರು ಮೋಸ ಹೋದರು ಅಂತಲೇ ಲೆಕ್ಕ. ಇಟ್ಟ ಕಡೆ ಸ್ಪ್ಯಾನರ್ ಇಲ್ಲದಿದ್ದರೆ ಸಾಕು, ಮೂಗಿನ ತುದಿಯಲ್ಲೇ ಇದ್ದ ಸಿಟ್ಟು ನೆತ್ತಿಗೇರುತ್ತಿತ್ತು. ಬೈದು ಮುಗಿಸುವ ಹೊತ್ತಿಗೆ ಆ ಸ್ಪ್ಯಾನರ್ ತನ್ನದೇ ಜೇಬಿನಲ್ಲಿ ಸಿಕ್ಕರೆ ಅದಕ್ಕೂ ಎರಡು ಬೈಗುಳ. ಐದು ನಿಮಿಷ ಕಳೆದರೆ ಏನೂ ನಡೆದೇ ಇಲ್ಲವೆಂಬಂತೆ ಶಿಳ್ಳೆ ಹಾಕುತ್ತಾ ಕೂತಿರುತ್ತಿದ್ದ.

ಇಪ್ಪತ್ತೆರಡು ವರ್ಷ ಅವನು ನೋಡಿಕೊಂಡದ್ದು ಒಂದೇ ಇಂಜಿನ್ನನ್ನು. ಐಸ್ ಫ್ಯಾಕ್ಟರಿಯ ಎರಡು ಸಿಲಿಂಡರಿನ ಸಣ್ಣ ಡೀಸೆಲ್ ಇಂಜಿನ್. ಸಿಮೆಂಟಿನ ಕಟ್ಟೆಯ ಮೇಲೆ ನಾಲ್ಕು ಬೋಲ್ಟಿಗೆ ಕಟ್ಟುಬಿದ್ದು, ಅಗಲವಾದ ಬೆಲ್ಟಿನಿಂದ ಪಕ್ಕದ ಕಂಪ್ರೆಸರನ್ನು ತಿರುಗಿಸುತ್ತಿತ್ತು. ಬೆಳಗ್ಗೆ ಶುರುವಾದರೆ ಸಂಜೆಯವರೆಗೂ ಅದೇ ವೇಗ, ಅದೇ ಸದ್ದು. ಅವನು ಕೆಲಸಕ್ಕೆ ಸೇರಿದ ಮೊದಲ ವಾರ ಹೊಸ ಕಂಪ್ರೆಸರ್ ಬಂದಿತ್ತು. ಕೂರಿಸಿ ನೋಡಿದರೆ ಉಲ್ಟಾ ತಿರುಗಿತು. ಮೇಸ್ತ್ರಿ ತಲೆ ಕೆಡಿಸಿಕೊಳ್ಳಲಿಲ್ಲ, ಬೆಲ್ಟನ್ನು ಕತ್ತರಿಯ ಹಾಗೆ ಅಡ್ಡ ಹಾಕಿದ, ಸರಿಹೋಯಿತು. ನಿಂತಲ್ಲೇ ಓಡುವ ಇಂಜಿನ್‌ಗಳ ಕೆಲಸದವರಿಗೆ ಇದೊಂದು ವಿಷಯವೇ ಅಲ್ಲ. ಇಂಜಿನ್ ಎಡಕ್ಕಾದರೂ ತಿರುಗಲಿ, ಬಲಕ್ಕಾದರೂ ತಿರುಗಲಿ, ಬೆಲ್ಟ್ ಅಡ್ಡ ಹಾಕಿದರೆ ಮುಗಿಯಿತು. ಹಾಕಿದ, ಮರೆತ.

ನಿಂತಲ್ಲೇ ಓಡುವ ಇಂಜಿನ್ ಅಂದರೆ ಅವನ ಹೆಂಡತಿಯ ತಮ್ಮನಿಗೆ ನಗು. ಅವನದು ದೊಡ್ಡ ರಸ್ತೆಯಲ್ಲಿ ವಾಹನಗಳ ಗ್ಯಾರೇಜು. ಅಕ್ಕನ ಮನೆಗೆ ಬಂದಾಗಲೆಲ್ಲ ಒಂದು ಕುಟುಕು ಕುಟುಕದೆ ಹೋಗುತ್ತಿರಲಿಲ್ಲ.

"ಭಾವ, ನಿಮ್ಮ ಇಂಜಿನ್ ಇಪ್ಪತ್ತು ವರ್ಷದಿಂದ ಓಡ್ತಾನೇ ಇದೆ. ಎಲ್ಲೀವರೆಗೆ ಬಂತು?"

"ನಿನ್ನ ಗ್ಯಾರೇಜಿಂದ ಹೋದ ಗಾಡಿಗಳು ಎಷ್ಟು ದೂರ ಹೋಗ್ತವೆ ಅಂತ ನಂಗೂ ಗೊತ್ತು. ಮುಂದಿನ ತಿರುವಿನವರೆಗೆ," ಎಂದು ಮೇಸ್ತ್ರಿ ಬಾಯಿ ಮುಚ್ಚಿಸುತ್ತಿದ್ದ. ಆದರೆ ಆ ಮಾತು ಒಳಗೆಲ್ಲೋ ಚುಚ್ಚುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಬದುಕಿನಲ್ಲಿ ಒಮ್ಮೆಯಾದರೂ ತನ್ನ ಕೈಯ ಇಂಜಿನ್ ಒಂದು ಊರಿಂದ ಇನ್ನೊಂದು ಊರಿಗೆ ಹೋಗುವುದನ್ನು ನೋಡಬೇಕೆಂದು ಅವನಿಗೆ ಬಹಳ ಆಸೆಯಿತ್ತು.

ಐಸ್ ಫ್ಯಾಕ್ಟರಿಗೆ ಬೀಗ ಬಿದ್ದಾಗ ಯಜಮಾನರು, "ಅದನ್ನ ನೀನೇ ತಗೊಂಡು ಹೋಗು ಮಾರಾಯ, ಬೇರೆಯವರ ಮಾತು ಅದು ಕೇಳಲ್ಲ," ಎಂದರು. ಇಂಜಿನ್ ಮನೆಯ ಹಿಂದಿನ ಶೆಡ್ಡಿಗೆ ಬಂತು. ಮೇಸ್ತ್ರಿ ಅದನ್ನು ಎರಡು ತೊಲೆಗಳ ಮೇಲೆ ಕೂರಿಸಿ, ಮೇಲೆ ಹಳೇ ದುಪ್ಪಟಿ ಹೊದಿಸಿದ.

"ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ದಿನ ನನಗೆ ದುಪ್ಪಟಿ ಹೊದಿಸಿದ್ದಿದ್ಯಾ?" ಎಂದು ಹೆಂಡತಿ ಕೇಳಿದಳು.

"ನೀನು ತುಕ್ಕು ಹಿಡಿಯಲ್ಲ ಬಿಡು," ಎಂದ ಮೇಸ್ತ್ರಿ. ಇದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಾಗದೆ ಅವಳು ಒಳಗೆ ಹೋದಳು.

ಇವರಿಗೆ ಒಬ್ಬಳೇ ಮಗಳು, ನರ್ಸು. ಬೆಟ್ಟದ ಮೇಲೆ ಮೂರು ಹಳ್ಳಿಗಳಿಗೆ ಸೇರಿ ಒಂದು ಸಣ್ಣ ಆರೋಗ್ಯ ಕೇಂದ್ರ ತೆರೆಯುವವರಿದ್ದರು. ಹೆರಿಗೆ ಮಾಡಿಸುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಎಲ್ಲಕ್ಕೂ ಒಬ್ಬಳೇ ನರ್ಸು. ಮಗಳು ತಾನೇ ಕೇಳಿಕೊಂಡು ಆ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಹಿಂದಿನ ವರ್ಷ ಒಂದು ಹೆರಿಗೆಗೆಂದು ಒಂಬತ್ತು ಕಿಲೋಮೀಟರು ನಡೆದು ಹತ್ತಿ, ಅವಳು ತಲುಪುವಷ್ಟರಲ್ಲಿ ತಡವಾಗಿತ್ತು. ಮನೆಗೆ ಬಂದು ಎರಡು ದಿನ ಯಾರ ಜೊತೆಗೂ ಮಾತಾಡಿರಲಿಲ್ಲ. ಅದನ್ನು ಅಪ್ಪ ಮರೆತಿರಲಿಲ್ಲ.

ಆದರೆ ಹಿರಿಯ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. "ನೋಡಮ್ಮ, ಇಲಾಖೆ ಹತ್ರ ಗಾಡಿ ಇಲ್ಲ. ಆ ಏರು ಹತ್ತೋ ಗಾಡಿ ನಿನ್ನ ಹತ್ರ ಇದ್ರೆ ಕೆಲಸ ನಿಂದು. ಇಲ್ಲ ಅಂದ್ರೆ ಕೆಳಗಡೆ ಆಸ್ಪತ್ರೇಲಿ ಚೀಟಿ ಬರೆಯೋ ಕೆಲಸ. ತಿಂಗಳ ಕೊನೇ ಸೋಮವಾರ ಹತ್ತು ಗಂಟೆಗೆ ಮೇಲೆ ಸಿಗೋಣ."

ಜೀಪೇನೋ ಸಿಕ್ಕಿತು. ಕಲ್ಲು ಕ್ವಾರಿಯ ಮೂಲೆಯಲ್ಲಿ ಬಿದ್ದಿತ್ತು, ನಾಲ್ಕು ಚಕ್ರಕ್ಕೂ ಎಳೆತ ಇರುವ ಹಳೇ ಗಾಡಿ, ಮೂರು ಗೇರಿನದು. ಅದರ ಪೆಟ್ರೋಲ್ ಇಂಜಿನ್ ಒಡೆದು ಎಂದೋ ಗುಜರಿಗೆ ಹೋಗಿತ್ತು. ಮೇಸ್ತ್ರಿ ಅದರ ಖಾಲಿ ಹೊಟ್ಟೆಯನ್ನು ನೋಡಿದ, ಶೆಡ್ಡಿನೊಳಗಿನ ದುಪ್ಪಟಿಯನ್ನು ನೋಡಿದ. ಮೂರು ವಾರ ಮನೆಯವರಿಗೆ ಅವನ ಬೆನ್ನು ಮಾತ್ರ ಕಾಣಿಸಿತು.

ಕೆಲಸ ಸುಲಭದ್ದಾಗಿರಲಿಲ್ಲ. ಇಂಜಿನ್ನಿನ ಹಿಂಭಾಗಕ್ಕೂ ಜೀಪಿನ ಗೇರ್‌ಬಾಕ್ಸಿಗೂ ಹೊಂದಿಕೆಯೇ ಇಲ್ಲ. ಮೊದಲು ರಟ್ಟಿನಲ್ಲಿ ತೂತುಗಳ ಅಳತೆ ತೆಗೆದ. ಆ ರಟ್ಟನ್ನು ಎದೆಗವಚಿಕೊಂಡು ಲೇತ್ ಅಂಗಡಿಗೆ ಹೋಗಿ, ಬೆರಳಿನಷ್ಟು ದಪ್ಪದ ಕಬ್ಬಿಣದ ತಟ್ಟೆ ಮಾಡಿಸಿದ. ಒಂದು ತೂತು ಕೂದಲೆಳೆಯಷ್ಟು ಆಚೀಚೆಯಾಯಿತೆಂದು ಲೇತಿನವನ ಜೊತೆ ಜಗಳವಾಡಿ, ಎರಡನೆಯ ತಟ್ಟೆ ಮಾಡಿಸಿದ. ಇಂಜಿನ್ ಕೂರುವ ಕಾಲುಗಳಿಗೆ ದಪ್ಪ ರಬ್ಬರ್ ಇಟ್ಟ. ಫ್ಯಾಕ್ಟರಿಯ ಫ್ಯಾನು ತೀರಾ ದೊಡ್ಡದಾಗಿ ಬಾನೆಟ್ಟಿಗೆ ತಾಗುತ್ತಿತ್ತು, ಅದನ್ನು ಬಿಚ್ಚಿ ಜೀಪಿನ ಫ್ಯಾನನ್ನೇ ಹಾಕಿದ. ಕೊನೆಯ ಶನಿವಾರ ಇಂಜಿನ್ ಶುರುಮಾಡಿ ನೋಡಿದರು. ಹಳೇ ಸದ್ದು ಕೇಳಿ ಅವನ ಕಣ್ಣು ತುಂಬಿತು. ರೇಡಿಯೇಟರ್ ಎದುರು ನಿಂತಿದ್ದ ಹೆಂಡತಿ ಸೆರಗು ಹಿಡಿದುಕೊಂಡು, "ರೀ, ಗಾಳಿ ನನ್ನ ಮುಖಕ್ಕೆ ಹೊಡೀತಿದೆ, ಇದು ಸರೀನಾ?" ಎಂದಳು.

"ಸೆಕೆ ಅಂತಿದ್ಯಲ್ಲ, ನಿಂತ್ಕೋ," ಎಂದ ಮೇಸ್ತ್ರಿ. ರೇಡಿಯೇಟರಿನ ಗಾಳಿ ಒಳಕ್ಕೆ ಹೋಗಬೇಕೇ ಹೊರತು ಎದುರಿಗೆ ನಿಂತವರ ಸೆರಗು ಹಾರಿಸಬಾರದು. ಆ ಹೊತ್ತಿನಲ್ಲಿ ಅವನಿಗೆ ಖುಷಿಯಲ್ಲಿ ಏನೂ ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಭಾವಮೈದನನ್ನು ಬೇಕೆಂದೇ ಕರೆಸಿದ. ನೋಡಿ ಹೊಟ್ಟೆ ಉರಿದುಕೊಳ್ಳಲಿ ಅಂತ. ಜೀಪು ಶೆಡ್ಡಿನೊಳಗೆ ಗೋಡೆಗೆ ಮುಖ ಮಾಡಿ ನಿಂತಿತ್ತು, ಮುಂದೆ ಕೆಲಸದ ಮೇಜು. ಮೇಸ್ತ್ರಿಗೆ ಗಾಡಿ ಓಡಿಸಲು ಬರುವುದಿಲ್ಲ, ಮಗಳು ಹತ್ತಿ ಕೂತಳು. ಹಿಂದಕ್ಕೆ ತೆಗೆಯೋಣವೆಂದು ರಿವರ್ಸ್ ಗೇರು ಹಾಕಿ ಮೆಲ್ಲಗೆ ಕ್ಲಚ್ ಬಿಟ್ಟಳು. ಜೀಪು ಗಂಭೀರವಾಗಿ ಮುಂದಕ್ಕೆ ಹೋಯಿತು. ಮೇಜು ಕಿರ್ರನೆ ಜರುಗಿ ಗೋಡೆಗೆ ಒತ್ತಿತು, ಡಬ್ಬದಲ್ಲಿದ್ದ ನಟ್ಟುಗಳೆಲ್ಲ ನೆಲದ ಪಾಲಾದವು.

"ರಿವರ್ಸ್ ಹಾಕು ಅಂದ್ರೆ ಫಸ್ಟ್ ಹಾಕ್ತೀಯಾ? ಕಣ್ಣು ಎಲ್ಲಿಟ್ಟಿದ್ದೀಯ?" ಎಂದು ಮೇಸ್ತ್ರಿ ರೇಗಿದ.

"ರಿವರ್ಸೇ ಹಾಕಿದ್ದೀನಿ ಅಪ್ಪ."

ಭಾವಮೈದ ಅವಳನ್ನು ಇಳಿಸಿ ತಾನು ಕೂತ. ಫಸ್ಟ್ ಗೇರು ಹಾಕಿದ. ಜೀಪು ಹಿಂದಕ್ಕೆ ಬಂದು ಶೆಡ್ಡಿನಿಂದ ಹೊರಬಿತ್ತು. ಸೆಕೆಂಡ್ ಹಾಕಿದ, ಇನ್ನೂ ಜೋರಾಗಿ ಹಿಂದಕ್ಕೆ. ಇಂಜಿನ್ ನಿಲ್ಲಿಸಿದವನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಭುಜ ಕುಣಿಸುತ್ತಾ ನಗತೊಡಗಿದ.

"ಭಾವ, ಇಂಥಾ ಗಾಡಿ ಭೂಮಿ ಮೇಲೆ ಇನ್ನೊಂದಿಲ್ಲ. ಹಿಂದಕ್ಕೆ ಹೋಗೋಕೆ ಮೂರು ಗೇರು, ಮುಂದಕ್ಕೆ ಹೋಗೋಕೆ ಒಂದು. ಗಾಡಿ ಇಂಜಿನ್‌ಗಳು ಬಲಕ್ಕೆ ತಿರುಗ್ತವೆ, ನಿಮ್ಮ ಇಂಜಿನ್ ಎಡಕ್ಕೆ ತಿರುಗತ್ತೆ."

ಮೇಸ್ತ್ರಿಯ ಕಣ್ಣೆದುರು ಕತ್ತರಿಯ ಹಾಗೆ ಅಡ್ಡ ಬಿದ್ದಿದ್ದ ಆ ಅಗಲವಾದ ಬೆಲ್ಟ್ ಬಂದು ನಿಂತಿತ್ತು. ಇಪ್ಪತ್ತೆರಡು ವರ್ಷ ದಿನಾ ನೋಡಿದ್ದ, ದಿನಾ ಎಣ್ಣೆ ಒರೆಸಿದ್ದ. ಜೀಪಿನಲ್ಲಿ ಅಡ್ಡ ಹಾಕಲು ಬೆಲ್ಟೇ ಇಲ್ಲವೆಂದು ಮೂರು ವಾರದಲ್ಲಿ ಒಂದು ಸಲವೂ ಅವನ ತಲೆಗೆ ಬಂದಿರಲಿಲ್ಲ. ಅವನು ನೆಲದ ಮೇಲೆ ಕೂತು ಚೆಲ್ಲಿದ ನಟ್ಟುಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕತೊಡಗಿದ. ಬೈಯಲಿಲ್ಲ. ಅದನ್ನು ಕಂಡು ಹೆಂಡತಿಗೆ ಹೆದರಿಕೆಯಾಯಿತು, ಭಾವಮೈದನ ನಗು ನಿಂತುಹೋಯಿತು.

"ಇದಕ್ಕೆ ದಾರಿ ಇದೆ ಭಾವ," ಎಂದ ಅವನು, ಈ ಸಲ ಕುಟುಕಿಲ್ಲದ ದನಿಯಲ್ಲಿ. "ಎರಡೂ ಆಕ್ಸಲ್ ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದ್ರೆ ಚಕ್ರ ಸರಿಯಾಗಿ ತಿರುಗತ್ತೆ. ಆದ್ರೆ ನಾಲ್ಕು ದಿನದ ಕೆಲಸ."

"ನಾಳೆ ಹತ್ತು ಗಂಟೆಗೆ," ಎಂದ ಮೇಸ್ತ್ರಿ ತಲೆಯೆತ್ತದೆ. "ನನ್ನ ದಡ್ಡತನಕ್ಕೆ ನನ್ನ ಮಗಳು ಚೀಟಿ ಬರೀತಾ ಕೂರಬೇಕು."

ಮಗಳು ಅಪ್ಪನ ಪಕ್ಕದಲ್ಲಿ ಕೂತು ತಾನೂ ನಟ್ಟು ಹೆಕ್ಕತೊಡಗಿದಳು. ಹೆಕ್ಕುತ್ತಲೇ ಕೇಳಿದಳು. "ಮಾವ, ಎಲ್ಲಕ್ಕಿಂತ ನಿಧಾನದ ಗೇರು, ಎಲ್ಲಕ್ಕಿಂತ ಶಕ್ತಿ ಇರೋ ಗೇರು ಯಾವ್ದು?"

"ರಿವರ್ಸು."

"ಅದು ಮುಂದಕ್ಕೆ ಹೋಗ್ತಿದೆ ಅಲ್ವಾ? ಬೆಟ್ಟ ಹತ್ತೋಕೆ ಇನ್ನೇನು ಬೇಕು?"

ಮೇಸ್ತ್ರಿಯ ಕೈಯಲ್ಲಿದ್ದ ನಟ್ಟು ಅಲ್ಲೇ ನಿಂತಿತು. ಒಂಬತ್ತು ಕಿಲೋಮೀಟರು, ಒಂದೇ ಗೇರು, ಒಂದೇ ವೇಗ, ಪೂರ್ತಿ ಹೊರೆ. ಇಂಥ ಕೆಲಸವನ್ನಲ್ಲದೆ ಬೇರೇನನ್ನೂ ಆ ಇಂಜಿನ್ ಹುಟ್ಟಿದಾಗಿಂದ ಮಾಡಿದ್ದೇ ಇಲ್ಲ.

"ಹಾಳಾದ ಗ್ರೈಂಡರ್ ಎಲ್ಲೋಯ್ತು?" ಎಂದು ಗುಡುಗುತ್ತಾ ಎದ್ದ. ಬೈಗುಳ ಕೇಳಿ ಹೆಂಡತಿಗೆ ಹೋದ ಜೀವ ಬಂದಂತಾಯಿತು. ಎಡಕ್ಕೆ ತಿರುಗುವ ಈ ಇಂಜಿನ್ನಿಗೆ ಹೊಂದುವುದು ಫ್ಯಾಕ್ಟರಿಯ ಫ್ಯಾನೇ. ಅದರ ರೆಕ್ಕೆಗಳನ್ನು ಸಮನಾಗಿ ಕತ್ತರಿಸಿ ಚಿಕ್ಕದು ಮಾಡಿ, ಸಂಜೆಯೊಳಗೆ ಭಾವ ಭಾವಮೈದ ಇಬ್ಬರೂ ಸೇರಿ ಕೂರಿಸಿದರು. ಹೆಂಡತಿ ಮತ್ತೆ ರೇಡಿಯೇಟರ್ ಎದುರು ನಿಂತು ನೋಡಿ, "ಈಗ ಗಾಳಿ ಬರ್ತಿಲ್ಲ. ನಿನ್ನೆ ನನ್ನ ಮಾತು ಕೇಳಿದ್ದಿದ್ರೆ," ಎಂದಳು. ಮೇಸ್ತ್ರಿ ಕೇಳಿಸದವನ ಹಾಗೆ ಸ್ಕ್ರೂ ಬಿಗಿಮಾಡಿದ.

ಸೋಮವಾರ ಏಳೂವರೆಗೆ ಅಪ್ಪ ಮಗಳು ಬೆಟ್ಟದ ಬುಡದಲ್ಲಿದ್ದರು. ರಿವರ್ಸ್ ಗೇರಿಗೆ ಹೊರೆ ಬಿದ್ದರೆ ಎಗರಿ ಕಳಚಿಕೊಳ್ಳುವ ಚಾಳಿ, ಹಾಗಾಗಿ ಮಗಳು ಸ್ಟೀರಿಂಗ್ ಹಿಡಿದರೆ ಅಪ್ಪ ಪಕ್ಕದಲ್ಲಿ ಕೂತು ಎರಡೂ ಕೈಯಲ್ಲಿ ಗೇರಿನ ಸರಳನ್ನು ಒತ್ತಿ ಹಿಡಿದಿದ್ದ. ಜೀಪು ಕುಂಯ್ ಎನ್ನುತ್ತಾ ಹತ್ತತೊಡಗಿತು. ಸೌದೆ ಹೊತ್ತ ಅಜ್ಜಿಯೊಬ್ಬಳು ಅವರನ್ನು ಹಿಂದೆ ಹಾಕಿ ಹೋದಳು. ಹೋಗುತ್ತಾ, "ಅವಸರ ಇಲ್ವೇನ್ರಪ್ಪ?" ಎಂದು ವಿಚಾರಿಸಿಕೊಂಡೂ ಹೋದಳು. ಆದರೆ ಮುಂದಿನ ಕಡಿದಾದ ತಿರುವಿನಲ್ಲಿ ಅವಳು ಹೊರೆ ಇಳಿಸಿ ಸುಧಾರಿಸಿಕೊಳ್ಳುವಾಗ, ಜೀಪು ಅದೇ ವೇಗದಲ್ಲಿ ಅವಳನ್ನು ದಾಟಿತು. ಮೇಸ್ತ್ರಿ ಎರಡೂ ಕೈ ಬಿಡುವಂತಿರಲಿಲ್ಲ, ತಲೆಯಾಡಿಸಿದ.

ಅರ್ಧ ದಾರಿಯಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಡಾಕ್ಟರಮ್ಮನ ಕಾರು. ದಾರಿ ಇಕ್ಕಟ್ಟು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಇನ್ನು ಉಳಿದದ್ದಷ್ಟೂ ಅವರು ಜೀಪಿನ ಹೊಗೆ ಕುಡಿಯುತ್ತಾ ಹಿಂದೆಯೇ ಬರಬೇಕಾಯಿತು. ಕೊನೆಯ ಏರಿನಲ್ಲಿ ಜಲ್ಲಿ ಎದ್ದು ಕಾರಿನ ಚಕ್ರ ಅಲ್ಲಲ್ಲೇ ಸುತ್ತಿ ಜಾರಿತು, ಡ್ರೈವರ್ ನಿಲ್ಲಿಸಿಬಿಟ್ಟ. ಜೀಪು ಮಾತ್ರ ಕೆಳಗೆ ಏನಿದೆಯೆಂದು ನೋಡದೆ ಹತ್ತಿತು. ಆರೋಗ್ಯ ಕೇಂದ್ರದ ಅಂಗಳದಲ್ಲಿ ಮಗಳು ಇಂಜಿನ್ ನಿಲ್ಲಿಸಿದಾಗ ಹತ್ತಕ್ಕೆ ಹನ್ನೆರಡು ನಿಮಿಷವಿತ್ತು. ಡಾಕ್ಟರಮ್ಮ ಕೊನೆಯ ಏರನ್ನು ನಡೆದು ಹತ್ತಿ, ಏದುಸಿರು ಬಿಡುತ್ತಾ ಬಂದರು.

"ಇಷ್ಟು ನಿಧಾನ ಯಾಕಮ್ಮ? ಯಾವ ಗೇರಲ್ಲಿ ಬಂದೆ?"

ಮಗಳು ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಸುಳ್ಳು ಅವಳಿಗೆ ಬರುತ್ತಿರಲಿಲ್ಲ. "ರಿವರ್ಸಲ್ಲಿ, ಮೇಡಂ."

"ತಪ್ಪು ನಂದು ಮೇಡಂ," ಎಂದು ಮೇಸ್ತ್ರಿ ನಡುವೆ ಬಾಯಿ ಹಾಕಿ, ಬೆಲ್ಟಿನಿಂದ ಹಿಡಿದು ಆಕ್ಸಲ್‌ವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಡಾಕ್ಟರಮ್ಮ ಅವನ ಅಂಗೈಗಳನ್ನೇ ನೋಡುತ್ತಿದ್ದರು. ಗೇರಿನ ಸರಳು ಒತ್ತಿ ಒತ್ತಿ ಎರಡೂ ಕೆಂಪಾಗಿ ಬೊಬ್ಬೆ ಎದ್ದಿದ್ದವು.

"ಮೊದಲು ಆ ಕೈಗೆ ಮುಲಾಮು ಹಚ್ಚಮ್ಮ," ಎಂದರು ಮಗಳಿಗೆ. "ಈ ಕೇಂದ್ರದ ಮೊದಲನೇ ರೋಗಿ ಅಂತ ಬರ್ಕೋ." ಮತ್ತೆ ಕೆಳಗೆ ನಿಂತುಬಿಟ್ಟಿದ್ದ ತಮ್ಮ ಕಾರಿನ ಕಡೆ ನೋಡಿ, "ಆ ಆಕ್ಸಲ್ ಮಗುಚೋ ಮೊದಲು ಅದನ್ನೊಂದು ಎಳೆದುಕೊಡಿ ಮೇಸ್ತ್ರಿಗಳೇ," ಎಂದರು.

ಆ ವಾರವೆಲ್ಲ ಭಾವಮೈದ ತನ್ನ ಗ್ಯಾರೇಜಿಗೆ ಬೀಗ ಹಾಕಿ ಭಾವನ ಶೆಡ್ಡಿನಲ್ಲೇ ಠಿಕಾಣಿ ಹೂಡಿದ. ಅವನು ಆಕ್ಸಲ್ ಮಗುಚಿದ, ಕೈಗೆ ಬಟ್ಟೆ ಸುತ್ತಿಕೊಂಡ ಮೇಸ್ತ್ರಿ ಸ್ಪ್ಯಾನರ್ ಕೊಟ್ಟ, ತಪ್ಪು ಸ್ಪ್ಯಾನರ್ ಕೊಟ್ಟಿದ್ದಕ್ಕೆ ಮೊದಲ ಸಲ ತಾನೇ ಬೈಸಿಕೊಂಡ.

ಮುಂದಿನ ಸೋಮವಾರ ಬೆಳಗ್ಗೆ ಮಗಳು ಲಸಿಕೆ ಪೆಟ್ಟಿಗೆ ಇಟ್ಟುಕೊಂಡು ಒಬ್ಬಳೇ ಹೊರಟಳು. ಫಸ್ಟ್ ಗೇರು, ಜೀಪು ಮುಂದಕ್ಕೆ. ಸೆಕೆಂಡ್, ಅದೂ ಮುಂದಕ್ಕೆ. ಮೇಸ್ತ್ರಿ ಬೀದಿಯ ನಡುವೆ ನಿಂತು ಕೇಳುತ್ತಿದ್ದ. ಸದ್ದು ತಿರುವಿನಾಚೆ ಹೋಯಿತು, ಸೇತುವೆ ದಾಟಿತು, ಬೆಟ್ಟದ ಬುಡದಲ್ಲಿ ಒಮ್ಮೆ ಗೇರು ಬದಲಾಯಿಸಿದ್ದು ಕೇಳಿಸಿತು, ಆಮೇಲೆ ಸಣ್ಣಗಾಗುತ್ತಾ ಹೋಯಿತು. ಇಪ್ಪತ್ತೆರಡು ವರ್ಷ ಆ ಸದ್ದು ಅವನ ಕಿವಿಯ ಪಕ್ಕದಲ್ಲೇ ಇತ್ತು. ಅದು ದೂರವಾಗುವುದನ್ನು ಅವನು ಕೇಳಿದ್ದು ಇದೇ ಮೊದಲು.

"ರೀ, ಚಹಾ ಆರಿಹೋಯ್ತು. ಅಲ್ಲೇನು ಮಾಡ್ತಿದ್ದೀರಿ?" ಎಂದು ಹೆಂಡತಿ ಬಾಗಿಲಿಂದ ಕೂಗಿದಳು.

"ಸುಮ್ನಿರು, ಇನ್ನೂ ಕೇಳಿಸ್ತಿದೆ," ಎಂದ ಮೇಸ್ತ್ರಿ.

ಅವಳೂ ಬಂದು ಪಕ್ಕದಲ್ಲಿ ನಿಂತು ಕಿವಿಗೊಟ್ಟಳು. ಅವಳಿಗೇನೂ ಕೇಳಿಸಲಿಲ್ಲ, ಆದರೆ ಕೇಳಿಸುತ್ತಿದೆ ಎಂದು ತಲೆಯಾಡಿಸಿದಳು.