ಎಲ್ಲಕ್ಕಿಂತ ಹಳೆಯದನ್ನು ತೆರೆಯಿರಿ

ನಮ್ಮ ಗ್ರಂಥಪಾಲಕಿ ಭಾಟಿಯಾ ಮೇಡಂ ಎದುರು ಬೆವರದೆ ಎದ್ದುಹೋದ ಏಜೆಂಟನನ್ನು ನಾನು ಕಂಡಿಲ್ಲ.

ದೆಹಲಿಯ ಸಂಶೋಧನಾ ಸಂಸ್ಥೆಯೊಂದರ ಲೈಬ್ರರಿಯಲ್ಲಿ ನಾನು ಕ್ಯಾಟಲಾಗ್ ನೋಡಿಕೊಳ್ಳುತ್ತಿದ್ದೆ. ಜರ್ನಲ್‌ಗಳು ಆಗಷ್ಟೇ ಕಪಾಟು ಬಿಟ್ಟು ಕಂಪ್ಯೂಟರಿನೊಳಗೆ ಹೋಗುತ್ತಿದ್ದವು. ಒಂದು ದಿನ ಜರ್ನಲ್ ಚಂದಾ ಮಾರುವ ಏಜೆಂಟನೊಬ್ಬ ಬಂದು, "ತೊಂಬತ್ತರ ದಶಕದಿಂದ ಈಚಿನದೆಲ್ಲ ಸಿಗುತ್ತದೆ, ನಮ್ಮ ಪಟ್ಟಿಯನ್ನು ಹಾಗೇ ಕ್ಯಾಟಲಾಗಿಗೆ ಸೇರಿಸಿಬಿಡಿ" ಎಂದ. ಹೊಸ ಸಂಚಿಕೆಗಳನ್ನು ಪಟಪಟನೆ ತೆರೆದು ತೋರಿಸಿದ. ನಾನಂತೂ ಮರುಳಾಗಿ ಸೇರಿಸಲು ಕೂತೇಬಿಟ್ಟೆ.

"ಅಚ್ಛಾ, ಈಗ ಎಲ್ಲಕ್ಕಿಂತ ಹಳೆಯದನ್ನು ತೆರೆಯಿರಿ," ಎಂದರು ಮೇಡಂ.

ಸಂಚಿಕೆಯ ಬದಲು ಪರದೆಯ ಮೇಲೆ ಬೀಗದ ಚಿತ್ರ ಬಂತು.

"ಅಷ್ಟು ಹಳೆಯದನ್ನು ಯಾರು ಓದುತ್ತಾರೆ ಮೇಡಂ?" ಎಂದು ಏಜೆಂಟ್ ನಕ್ಕ.

"ನಾನು," ಎಂದಳು ಹಿಂದಿನ ಮೇಜಿನಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ. ಅದಕ್ಕೆಂದೇ ಫರೀದಾಬಾದಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದಳು.

ಮೇಡಂ ನನ್ನ ಕಡೆ ತಿರುಗಿ, "ಕ್ಯಾಟಲಾಗಿನಲ್ಲಿ 'ಇದೆ' ಎಂದು ಬರೆದರೆ ಅದು ಇವಳಿಗೆ ನಾವು ಕೊಟ್ಟ ಮಾತು. ತೆರೆದಷ್ಟನ್ನೇ ಬರೆಯಿರಿ," ಎಂದವರೇ ಚಂದಾ ಪತ್ರಕ್ಕೆ ಸಹಿ ಹಾಕದೆ ಪೆನ್ನಿನ ಮುಚ್ಚಳ ಹಾಕಿದರು. ಏಜೆಂಟ್ ವರಾಂಡಕ್ಕೆ ಓಡಿ ಫೋನಿನಲ್ಲಿ ಯಾರನ್ನೋ ಗೋಗರೆದ. ಮಧ್ಯಾಹ್ನದ ಚಹಾ ಬರುವಷ್ಟರಲ್ಲಿ ಬೀಗ ಹೋಗಿತ್ತು. ಆ ಹುಡುಗಿಯ ಕೈಗೆ ಪ್ರಿಂಟ್ ಬಂದಮೇಲೆಯೇ ಮೇಡಂ ಸಹಿ ಹಾಕಿದ್ದು.

ಆ ವರ್ಷವೇ ದೆಹಲಿಯ ದ್ವಾರಕಾದಲ್ಲಿ ಬಾಡಿಗೆಗೆ ಫ್ಲ್ಯಾಟ್ ನೋಡಲು ಹೋದೆ. ದಲ್ಲಾಳಿ ಹಾಲ್, ಬಾಲ್ಕನಿಯನ್ನೆಲ್ಲ ತೋರಿಸಿ, "ನೀರಿಗೆ ಬರವೇ ಇಲ್ಲ" ಎಂದ. ನಾನು ಸೀದಾ ಹಿಂದಿನ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ.

ಗಾಳಿ ಬಂತು.